ತೇಗಕ್ಕೆ ಸಿಹಿನೀರು

ಆ ದಿನ ಬೆಳಿಗ್ಗೆ ಆಕಾಶದಲ್ಲಿ ಮೋಡವೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಆಫ್ರಿಕದ ಮರಳುಗಾಡಿನಲ್ಲಿ ಎದ್ದ ಧೂಳು ಇಡೀ ಸಮುದ್ರ ದಾಟಿ ಬಂದು ದ್ವೀಪದ ಟಿರೆಲ್ ಕೊಲ್ಲಿಯ ಮೇಲೆ ಒಡೆದ ಹಾಲಿನ ಹಾಗೆ ನಿಂತಿತ್ತು. ಸೂರ್ಯ ಹುಟ್ಟಿದ್ದು ಗುಡ್ಡದ ಮೇಲಿನ ಮೇಕೆಗಳಿಗೆ ಮಾತ್ರ ಗೊತ್ತಾದಂತಿತ್ತು, ಅವು ಕೂಗುತ್ತಿದ್ದವು. ಇಬ್ಬನಿ ಬಿದ್ದಿಲ್ಲ, ಅಷ್ಟು ಪುಣ್ಯ ಎಂದುಕೊಳ್ಳುತ್ತ ಆಲ್ಬನ್, ದಡದಲ್ಲಿ ಊರೆಗೋಲುಗಳ ಆಸರೆಯ ಮೇಲೆ ನಿಲ್ಲಿಸಿದ್ದ ಲೀಡಿಯಾ ಎಂಬ ದೋಣಿಗೆ ಏಣಿ ಹಾಕಿ ಹತ್ತಿ, ಅಂಚಿನ ತೇಗದ ಪಟ್ಟಿಯ ಮೇಲೆ ಬೆರಳು ಎಳೆದ. ಬೆರಳು ಹೋದ ದಾರಿ ಕಾಣಿಸಿತು. ಶನಿವಾರ ಸಂಜೆ ಅವನು ತೊಳೆದು ಬಿಟ್ಟಾಗ ಆ ಮರ ಆಗತಾನೆ ಸುಟ್ಟ ರೊಟ್ಟಿಯ ಬಣ್ಣಕ್ಕಿತ್ತು. ಭಾನುವಾರ ಕೆಲಸ ಮುಟ್ಟುವ ಹಾಗಿಲ್ಲ. ಇಗರ್ಜಿಯಲ್ಲಿ ಮಂಡಿಯೂರಿ ಕೂತಾಗ, ದೇವರಲ್ಲಿ ಇಂಥ ಚಿಕ್ಕ ವಿಷಯ ಕೇಳಬಹುದೋ ಬಾರದೋ ಎಂಬ ಸಂಕೋಚದಲ್ಲೇ, ಈ ಸಲ ಪಟ್ಟಿಯ ಹೊಳಪು ನಿಲ್ಲಲಿ ತಂದೆಯೇ ಎಂದು ಕೇಳಿಕೊಂಡಿದ್ದ. ದೇವರು ರಾತ್ರಿಯೆಲ್ಲ ಅದರ ಮೇಲೆ ಕೆಂಪು ಧೂಳು ಸುರಿಸಿದ್ದ. ಆಲ್ಬನ್‌ಗೆ ಸಿಟ್ಟು ಬರಲಿಲ್ಲ. ಮತ್ತೊಂದು ಸಲ ತೊಳೆ ಎಂದರೆ ತೊಳೆಯುವುದು, ಅಷ್ಟೆ. ಮುಂದಿನ ಭಾನುವಾರ ಪೂಜೆ ಮುಗಿಸಿ ಪಾದ್ರಿಗಳು ಇಲ್ಲಿಗೆ ಬಂದು ದೋಣಿಗೆ ತೀರ್ಥ ಚಿಮುಕಿಸುತ್ತಾರೆ. ಊರಿನ ಗಂಡಸರು ಊರೆಗೋಲುಗಳನ್ನು ಒಂದೊಂದಾಗಿ ಕಡಿದು, ದೋಣಿಯನ್ನು ಮಗ್ಗುಲಾಗಿಸಿ, ಉರುಳುವ ದಿಮ್ಮಿಗಳ ಮೇಲೆ ಸಮುದ್ರಕ್ಕೆ ತಳ್ಳುತ್ತಾರೆ. ಅಷ್ಟರೊಳಗೆ ಪಟ್ಟಿಗೆ ದಿನಕ್ಕೊಂದು ಕೋಟು ವಾರ್ನಿಷ್ ಏರಬೇಕು. ಮೊದಲನೆಯದು ಇವತ್ತೇ ಆಗಬೇಕು.

ಹೋದ ವರ್ಷವೂ ಇದೇ ಪಟ್ಟಿಗೆ ಅವನೇ ವಾರ್ನಿಷ್ ಹೊಡೆದಿದ್ದ. ಆಗಲೂ ಕನ್ನಡಿಯಂತೆ ಹೊಳೆದಿತ್ತು. ದೋಣಿ ನೀರಿಗಿಳಿದ ದಿನ ಜನ ಬಗ್ಗಿ ತಮ್ಮ ಮುಖ ನೋಡಿಕೊಂಡು ನಕ್ಕಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಲ್ಲಿ ಬೆಳ್ಳಗೆ ಬೊಕ್ಕೆ ಎದ್ದು, ಬಿಸಿಲಿಗೆ ಸುಲಿದ ಬೆನ್ನಿನ ಚರ್ಮದ ಹಾಗೆ ಪದರ ಪದರವಾಗಿ ಕಿತ್ತು ಬಂತು. ದೋಣಿಯ ಒಡತಿ ಎಸ್ಮಿ. ಊರಿಗೆಲ್ಲ ಅವಳು ಟಾಂಟಿ, ಅಂದರೆ ಚಿಕ್ಕಮ್ಮ. ಅವಳ ಗಂಡ ಬದುಕಿದ್ದಾಗ ಈ ದೋಣಿಯನ್ನು ಇದೇ ದಡದಲ್ಲಿ ಕೈಯಾರೆ ಕಟ್ಟಿದ್ದ. ಬಂಡೆಗೆ ಬಡಿದು ಒಡೆದ ಯಾವುದೋ ಪರದೇಶದ ಹಡಗಿನ ತೇಗದ ಹಲಗೆ ಅಲೆಗೆ ಬಂದು ಬಿದ್ದಾಗ, ಅದನ್ನು ಹೆಗಲ ಮೇಲೆ ಹೊತ್ತು ತಂದು ಸೀಳಿ ಅಂಚಿಗೆ ಕೂರಿಸಿದವನೂ ಅವನೇ. ಈ ದ್ವೀಪದಲ್ಲಿ ದೋಣಿಗೆ ದೇವದಾರು ಸಾಕು, ತೇಗ ಯಾರಿಗೆ ಬೇಕು ಎಂದು ಜನ ಅಂದಿದ್ದರು. ಮಿಕ್ಕಿದ್ದೆಲ್ಲ ಕೆಲಸಕ್ಕೆ, ಇದೊಂದು ನನ್ನ ಕಣ್ಣಿಗೆ ಎಂದು ಅವನು ಹೇಳುತ್ತಿದ್ದನಂತೆ. ಪಟ್ಟಿ ಸುಲಿದ ಸುದ್ದಿ ಕೇಳಿ ಟಾಂಟಿ ದಡಕ್ಕೆ ಬಂದು ನೋಡಿ, ಸುಲಿದ ಜಾಗದ ಮೇಲೆ ಬೆರಳಾಡಿಸಿ ಹೋಗಿದ್ದಳು. ಅನ್ನಬೇಕಾದ್ದನ್ನೆಲ್ಲ ಊರೇ ಅಂದಿತು: ವಾರ್ನಿಷ್ ಡಬ್ಬ ಹಳೆಯದು, ಅಂಗಡಿಯವನು ಮೋಸ ಮಾಡಿದ. ಆಲ್ಬನ್ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಂದಿನಿಂದ ಆ ಅಂಗಡಿಯ ಮುಂದೆ ಹೋಗುವಾಗ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದ. ಈ ವರ್ಷ ಟಾಂಟಿ ಮತ್ತೆ ಅವನನ್ನೇ ಕರೆಸಿದಾಗ ಬೇರೆ ಯಾರಿಗಾದರೂ ಕೊಡಿ ಎನ್ನಲು ಬಾಯಿ ತೆರೆದವನು, ಬಾಯಿಗೆ ಬಂದದ್ದು ಬೇರೆಯೇ ಆಗಿ, ನೀರು ನಾನೇ ತರುತ್ತೇನೆ ಎಂದಿದ್ದ. ಅವಳು ಅವನನ್ನು ಒಂದು ಗಳಿಗೆ ನೋಡಿ, ಸರಿ, ಎಂದಿದ್ದಳು.

ಪಕ್ಕದ ದೋಣಿಯ ನೆರಳಿನಲ್ಲಿ ಹಳೆಯ ಬಡಗಿ ಯೂರಿಯಸ್ ಕಾಫಿ ಕುಡಿಯುತ್ತ ಕೂತಿದ್ದ. ಆಲ್ಬನ್ ಖಾಲಿ ಕ್ಯಾನು ಹಿಡಿದು ಇಳಿದದ್ದು ಕಂಡು, ಮತ್ತೆ ಗುಡ್ಡ ಹತ್ತುತ್ತೀಯೇನೋ ಎಂದು ಕೇಳಿದ. ಧೂಳು ಬಿದ್ದಿದೆ, ಒರೆಸಲು ನೀರು ತರಬೇಕು ಎಂದ ಆಲ್ಬನ್. ಯೂರಿಯಸ್ ಕಾಲು ಚಾಚಿ ಸಮುದ್ರದ ಕಡೆ ಗದ್ದ ಎತ್ತಿದ.

"ಇಷ್ಟು ದೊಡ್ಡ ತೊಟ್ಟಿ ದೇವರು ಕಾಲ ಬುಡದಲ್ಲೇ ಇಟ್ಟಿದ್ದಾನೆ, ಕಣ್ಣು ಕಾಣಲ್ವಾ ನಿಂಗೆ? ತೇಗಕ್ಕೆ ಉಪ್ಪು ಅಂದ್ರೆ ಪ್ರಾಣ ಕಣೋ. ನಮ್ಮಪ್ಪ ಸಾಯೋತನಕ ಉಪ್ಪುನೀರಲ್ಲೇ ತಿಕ್ಕಿದ."

"ನಿಮ್ಮಪ್ಪ ವಾರ್ನಿಷ್ ಹೊಡೀತಿರಲಿಲ್ವಲ್ಲ ಮಾವ."

"ಹೊಡೀತಿರಲಿಲ್ಲ, ಅದಕ್ಕೇ ಸುಲೀತಾನೂ ಇರಲಿಲ್ಲ. ಊರಲ್ಲಿ ಕುಡಿಯೋಕೆ ನೀರಿಲ್ಲ, ಇವನು ಮರಕ್ಕೆ ಸ್ನಾನ ಮಾಡಿಸ್ತಾನೆ. ಹೋಗು ಹೋಗು, ಸೋಪು ಟವಲ್ಲೂ ತಗೊಂಡು ಬಾ. ಒಂದು ಚೆಂಬು ಸಮುದ್ರ ಸುರಿದ್ರೆ ಯಾರು ನೋಡೋಕೆ ಬರ್ತಾರೆ?"

ಯಾರು ನೋಡುತ್ತಾರೆ. ಗುಡ್ಡದ ದಾರಿಯುದ್ದಕ್ಕೂ ಆ ಮಾತು ಅವನ ಹಿಂದೆ ನಾಯಿಯಂತೆ ಬಂತು. ಯೂರಿಯಸ್ ಹೇಳುವುದರಲ್ಲಿ ಅರ್ಧ ನಿಜವಿತ್ತು, ತೊಂದರೆಯೇ ಅದು. ಬರಿ ಮೈಯ ತೇಗಕ್ಕೆ ಉಪ್ಪುನೀರು ಒಳ್ಳೆಯದೇ. ಹಿರಿಯರು ಅದನ್ನೇ ಕಂಡವರು, ಅದನ್ನೇ ಹೇಳಿಕೊಟ್ಟವರು. ವಾರ್ನಿಷಿನ ಕೆಳಗೆ ಸಿಕ್ಕಿಬಿದ್ದ ಉಪ್ಪು ಮಾತ್ರ ಸುಮ್ಮನಿರುವುದಿಲ್ಲ. ಕಣ್ಣಿಗೆ ಕಾಣದ ತೇವವನ್ನೂ ಕರೆದು ಕರೆದು ಒಳಗೆ ಕೂರಿಸಿಕೊಳ್ಳುತ್ತದೆ, ಊದುತ್ತದೆ, ಹೊಳಪನ್ನು ಅಡಿಯಿಂದ ಎತ್ತುತ್ತದೆ. ಹೊಳೆಯುವಷ್ಟು ದಿನ ಯಾರಿಗೂ ತಿಳಿಯುವುದಿಲ್ಲ. ಹೋದ ವರ್ಷ ಇದೇ ಬೇಸಿಗೆಯಲ್ಲಿ, ಕೊನೆಯ ತೊಳೆತಕ್ಕೆಂದು ಟಾಂಟಿ ತನ್ನ ತೊಟ್ಟಿಯ ಮಳೆನೀರನ್ನು ನೀಲಿ ಕ್ಯಾನಿನಲ್ಲಿ ತುಂಬಿಸಿ ಕೊಟ್ಟಿದ್ದಳು. ತಳದ ನೀರು, ನಿಧಾನ ಎತ್ತು, ಕಲಕಬೇಡ ಎಂದೂ ಹೇಳಿದ್ದಳು. ಕ್ಯಾನಿನ ಮೈಮೇಲೆ ಅವಳ ಗಂಡ ದೋಣಿಯ ಬಿಳಿ ಬಣ್ಣದಲ್ಲಿ ಬರೆದ ಲೀಡಿಯಾ ಎಂಬ ಹೆಸರಿತ್ತು. ಅದನ್ನು ಹೆಗಲಿಗೇರಿಸಿಕೊಂಡು ದಾರಿ ಕವಲಾಗುವಲ್ಲಿಗೆ ಬಂದ ಆಲ್ಬನ್ ದಡದ ಕಡೆ ಇಳಿಯಲಿಲ್ಲ. ಕಾಲು ತಾನಾಗಿಯೇ ಮೇಲಕ್ಕೆ ತಿರುಗಿತು ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಆದರೆ ಕಾಲು ತಾನಾಗಿ ತಿರುಗುವುದಿಲ್ಲ ಎಂಬುದು ಅವನಿಗೆ ಗೊತ್ತು.

ಆಗ ಮನೆಯಲ್ಲಿ ಅಮ್ಮ ಫಿಲಮೀನಾ ಮಲಗಿದ್ದಳು, ಏಳುವ ಹಾಗಿರಲಿಲ್ಲ. ಅವರ ತೊಟ್ಟಿ ಬಿರುಕು ಬಿಟ್ಟು ಒಣಗಿತ್ತು, ಇದ್ದದ್ದು ಬಾವಿಯ ಸವಳುನೀರು. ಅದರಲ್ಲಿ ಮೈ ಒರೆಸಿದರೆ ಒಣಗಿದ ಮೇಲೆ ತೋಳಿನ ಮೇಲೆ ಬಿಳಿ ಗೆರೆ ಮೂಡುತ್ತಿತ್ತು, ಅವಳು ಕೆರೆದುಕೊಳ್ಳುತ್ತಿದ್ದಳು, ತಲೆಗೂದಲು ತೆಂಗಿನ ನಾರಿನಂತೆ ಪೆಡಸಾಗಿತ್ತು. ಒಂದೇ ಒಂದು ಸಲ ಸಿಹಿನೀರಲ್ಲಿ ತಲೆಗೆ ಹಾಕೋ, ಉಪ್ಪು ಹಚ್ಕೊಂಡು ಹೇಗಪ್ಪ ದೇವರ ಮುಂದೆ ಹೋಗಿ ನಿಲ್ಲಲಿ, ಎನ್ನುತ್ತಿದ್ದಳು. ಟಾಂಟಿಯನ್ನು ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ಕೇಳುವ ಹಾಗಿರಲಿಲ್ಲ. ಯಾವ ಕಾಲದ್ದೋ ಒಂದು ಮದುವೆ. ಹೆಣ್ಣಿನ ಕಡೆಯ ಬಾವುಟವನ್ನು ಅಮ್ಮ ಹಿಡಿದಿದ್ದಳು, ಗಂಡಿನ ಕಡೆಯದನ್ನು ಎಸ್ಮಿ. ಇಬ್ಬರೂ ಕುಣಿಯುತ್ತ ಎದುರುಬದುರಾಗಬೇಕು, ಒಂದು ಬಾವುಟ ಇನ್ನೊಂದರ ಮೇಲೇರಬೇಕು, ಸೋತವರು ನಕ್ಕು ತಬ್ಬಿಕೊಳ್ಳಬೇಕು, ಅದು ಪದ್ಧತಿ. ಎಸ್ಮಿಯ ಬಾವುಟ ಮೇಲೇರಿತು. ಅಮ್ಮ ನಗಲಿಲ್ಲ. ಅಲ್ಲಿಂದಾಚೆ ಒಂದೇ ಇಗರ್ಜಿಯ ಎರಡು ಬದಿಯಲ್ಲಿ ಕೂತು ಇಬ್ಬರೂ ಮುದುಕಿಯರಾದರು. ಹಾಸಿಗೆ ಹಿಡಿದ ಮೇಲೆ ಅಮ್ಮ ಜಪಸರವನ್ನು ಮಗನ ಕೈಗೆ ಸುತ್ತಿ, ಆ ಬಾಗಿಲಿಗೆ ಹೋಗಿ ಏನನ್ನೂ ಕೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಳು. ಅವನು ಕೇಳಲಿಲ್ಲ. ಆಣೆ ಮುರಿಯಲಿಲ್ಲ. ನೀಲಿ ಕ್ಯಾನಿನ ನೀರನ್ನು ಬಿಸಿಲಲ್ಲಿಟ್ಟು ಬೆಚ್ಚಗೆ ಮಾಡಿ, ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೊಗಸೆ ಬೊಗಸೆಯಾಗಿ ಸುರಿದ. ಅವಳು ತುಟಿಗೆ ಬಂದ ಹನಿ ನೆಕ್ಕಿ, ಎಲ್ಲಿಯ ನೀರೋ ಇದು ಎಂದಳು. ಮಳೆಯದು ಅಮ್ಮ, ಎಂದ. ಸುಳ್ಳಲ್ಲ. ಆಮೇಲೆ ದಡಕ್ಕೆ ಹೋಗಿ, ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಸಮುದ್ರದಲ್ಲಿ ಬಕೆಟ್ ಅದ್ದಿ ಪಟ್ಟಿಯನ್ನು ತೊಳೆದ. ವಾರದೊಳಗೆ ಅಮ್ಮ ಹೋದಳು. ಸಾವಿನ ಮನೆಗೆ ಟಾಂಟಿ ಎಸ್ಮಿ ಬಂದಳು. ಇಷ್ಟು ವರ್ಷದ ಮುನಿಸು ಹೊಸ್ತಿಲಲ್ಲೇ ನಿಂತಿತೇನೋ ಎನ್ನುವಂತೆ ನೇರ ಒಳಗೆ ಹೋಗಿ, ಹೆಂಗಸರ ನಡುವೆ ಕೂತು, ಹೆಣದ ತಲೆ ಬಾಚಿ ಜಡೆ ಹಾಕಿದಳು. ನೀಲಿ ಕ್ಯಾನು ಆಗ ಅದೇ ಕೋಣೆಯ ಮಂಚದ ಕೆಳಗಿತ್ತು. ಈಗಲೂ ಅಲ್ಲೇ ಇತ್ತು. ಗುಡ್ಡ ಹತ್ತಿ ಮನೆ ಸೇರಿದ ಆಲ್ಬನ್ ಬಗ್ಗಿ ನೋಡಿದ. ವರ್ಷದ ಜೇಡರಬಲೆಯೊಳಗಿಂದ ಬಿಳಿ ಅಕ್ಷರಗಳು ನೋಡಿದವು. ಮೊದಲು ಪಟ್ಟಿ, ಆಮೇಲೆ ನೀನು ಎಂದು ಮನಸ್ಸಿನಲ್ಲೇ ಹೇಳಿ, ತಾನೇ ಗಾರೆ ಮೆತ್ತಿ ಸರಿಮಾಡಿದ ತೊಟ್ಟಿಯಿಂದ ಬೇರೆ ಕ್ಯಾನು ತುಂಬಿಸಿಕೊಂಡು ಇಳಿದ. ತೊಟ್ಟಿಯ ತಳ ಕಾಣಿಸುತ್ತಿತ್ತು.

ಹಳೆಯ ಹತ್ತಿ ಅಂಗಿಯನ್ನು ಹರಿದು ಸಿಹಿನೀರಿನಲ್ಲಿ ಹಿಂಡಿ, ಮರದ ಎಳೆಗಳ ಉದ್ದಕ್ಕೆ ಒರೆಸುತ್ತ ಹೋದ. ಬಟ್ಟೆ ಪ್ರತಿ ಸಲವೂ ಕೆಂಪಾಗುತ್ತಿತ್ತು. ಅಜ್ಜಂದಿರ ಅಜ್ಜಂದಿರು ಬಂದ ನೆಲದ ಮಣ್ಣು ಇದು, ಅವರನ್ನು ಹೊತ್ತು ತಂದ ನೀರಿನ ಮೇಲೆಯೇ ಬಂದದ್ದು, ಯಾರ ಕೇಡಿಗೂ ಬಂದದ್ದಲ್ಲ ಎಂದು ಅವನಿಗೆ ಅನ್ನಿಸಿತು. ಒರೆಸಿದ ನೀರನ್ನು ದಡದ ಒಂದು ಮರದ ಬುಡಕ್ಕೆ ಚೆಲ್ಲಿದ. ಬಿಸಿಲು ಮಂಕಾಗಿದ್ದರೂ ಕಾವಿತ್ತು. ಮರ ಒಣಗುತ್ತ ಬಣ್ಣ ತಿಳಿಯಾಗುತ್ತ ಬಂತು. ಒಣಗಿದ ಕಡೆಯಿಂದ ನುಣುಪಾದ ಮರಳು ಕಾಗದ ಹಿಡಿದು ಮೆಲ್ಲಗೆ ಉಜ್ಜಿದ. ಎರಡು ಹಲಗೆ ಕೂಡುವ ಜಾಗದಲ್ಲಿ ಹೋದ ವರ್ಷದ ಬಿಳಿ ಕಲೆಯ ನೆರಳು ಇನ್ನೂ ಇದ್ದಂತೆ ಕಂಡು, ಅಲ್ಲಿ ಬೆರಳಿಗೆ ಕಾಗದ ಸುತ್ತಿಕೊಂಡು, ಮೊಣಕೈ ನೋಯುವವರೆಗೂ ಉಜ್ಜಿದ. ಕಲೆ ಇತ್ತೋ, ಅವನ ಕಣ್ಣಿನಲ್ಲೇ ಇತ್ತೋ ತಿಳಿಯದು. ಹೋಗುವವರೆಗೂ ಬಿಡಲಿಲ್ಲ.

ಮಧ್ಯಾಹ್ನ ಟಾಂಟಿ ಎಸ್ಮಿ ಬಂದಳು. ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು, ಪಿಂಗಾಣಿ ಬಟ್ಟಲಲ್ಲಿ ಮೆಕ್ಕೆಜೋಳದ ಮುದ್ದೆ, ತೊಗರಿಕಾಳಿನ ಸಾರು, ಹುರಿದ ಮೀನು ಹಿಡಿದಿದ್ದಳು. ಬಟ್ಟಲನ್ನು ಕೆಲಸದ ಹಲಗೆಯ ಮೇಲಿಟ್ಟು, ಯೂರಿಯಸ್ ಬೇಡ ಬೇಡವೆನ್ನುತ್ತಿದ್ದರೂ ಏಣಿ ಹತ್ತಿದಳು. ಈ ವಯಸ್ಸಲ್ಲಿ ಬಿದ್ದರೆ ಹೊಸ ಸೊಂಟ ಮಾಡಿಕೊಡಲು ನನ್ನ ಹತ್ತಿರ ಒಳ್ಳೆಯ ಮರವಿಲ್ಲ ಎಂದು ಅವನು ಕೆಳಗಿಂದ ಗೊಣಗಿದ. ನಿನ್ನ ಮರ ಯಾರಿಗೆ ಬೇಕು, ಎಲ್ಲಾ ಗೆದ್ದಲು ಎಂದಳು ಅವಳು. ಪಟ್ಟಿಯ ಮೇಲೆ ಅಂಗೈ ಇಟ್ಟು, ಮಲಗಿದವರ ಹಣೆ ಮುಟ್ಟಿ ನೋಡುವಂತೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಲಗೈಯ ನಡುಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಹಲಗೆ ಕೂಡುವ ಅದೇ ಜಾಗದಲ್ಲಿ ಒತ್ತಿ ತಿಕ್ಕಿ, ಬೆರಳನ್ನು ಮತ್ತೆ ಬಾಯಿಗಿಟ್ಟಳು. ಕಣ್ಣು ಮುಚ್ಚಿದ್ದಳು. ಬೆರಳು ಹೋದ ದಾರಿಯಲ್ಲೇ ಹೋಗುತ್ತಿದ್ದ ಆಲ್ಬನ್‌ನ ನೋಟ ಅಲ್ಲೇ ನಿಂತುಬಿಟ್ಟಿತು. ಆ ಬೆರಳಿಗೆ ಜಾಗ ಹುಡುಕಬೇಕಾಗಲಿಲ್ಲ; ಅದು ಹೋದ ವರ್ಷವೇ ಒಮ್ಮೆ ಇಲ್ಲಿಗೆ ಬಂದು ಹೋದ ಬೆರಳು.

"ಸಿಹಿಯಾಗಿದೆ ಈ ಸಲ," ಎಂದಳು.

ಅವಳು ಅವನ ಮುಖ ನೋಡಿ ಹೇಳಲಿಲ್ಲ, ಮರಕ್ಕೇ ಹೇಳಿದಳು. ಹಾಗಾದರೆ ಇಡೀ ವರ್ಷ ಅವಳಿಗೆ ಗೊತ್ತಿತ್ತು. ಕ್ರಿಸ್ಮಸ್ಸಿನಲ್ಲಿ ಕರಿ ಕೇಕಿನ ತುಂಡನ್ನು ಅವನ ತಟ್ಟೆಗೆ ಹಾಕುವಾಗ ಗೊತ್ತಿತ್ತು. ಜನ ಡಬ್ಬವನ್ನು ಬೈಯುವಾಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದವಳಿಗೆ ಗೊತ್ತಿತ್ತು. ಈ ವರ್ಷ ಅವನಿಗೇ ಹೇಳಿ ಕಳುಹಿಸುವಾಗಲೂ ಗೊತ್ತಿತ್ತು. ಅವನು ಅಡಗಿಕೊಂಡಿದ್ದೇನೆ ಎಂದುಕೊಂಡ ಕತ್ತಲಲ್ಲಿ ಮೊದಲಿನಿಂದಲೂ ದೀಪವಿತ್ತು, ಅದನ್ನು ಹಿಡಿದವಳು ಸುಮ್ಮನೆ ಕೂತಿದ್ದಳು, ಅಷ್ಟೆ. ಅವಳು ಆಗಲೇ ಏಣಿಯ ಮೆಟ್ಟಿಲಿಗೆ ಕಾಲು ಇಳಿಬಿಟ್ಟಿದ್ದಳು. ಊಟ ಆರುತ್ತದೆ, ಮೊದಲು ತಿನ್ನು, ಬಟ್ಟಲು ನಾಳೆ ಕೊಟ್ಟರಾಯಿತು ಎಂದು ಹೇಳಿ ಮರಳಿನ ಮೇಲೆ ನಿಧಾನವಾಗಿ ನಡೆದು ಹೋದಳು. ಹಸಿವಾಗಿತ್ತು, ಕೂತು ತಿಂದ.

ಊಟವಾದ ಮೇಲೆ ಯೂರಿಯಸ್ ಹೊಸ ಡಬ್ಬವನ್ನು ಕೈಯಲ್ಲಿ ತಿರುಗಿಸಿ ನೋಡುತ್ತ, ಇದಾದರೂ ಸರಿಯಾದದ್ದು ಕೊಟ್ಟನೋ, ಹೋದ ವರ್ಷದ ಹಾಗೆ ಕೈ ಕೊಟ್ಟನೋ ಎಂದು ಅಂಗಡಿಯವನ ಪುರಾಣ ತೆಗೆದ. ಡಬ್ಬವನ್ನು ಅಲ್ಲಾಡಿಸಲು ಹೋದವನ ಕೈ ಹಿಡಿದು ಆಲ್ಬನ್ ಅದನ್ನು ಇಸಿದುಕೊಂಡ. ಅಲ್ಲಾಡಿಸಿದರೆ ಗುಳ್ಳೆ ಏಳುತ್ತವೆ.

"ಹೋದ ವರ್ಷದ ಡಬ್ಬ ಚೆನ್ನಾಗೇ ಇತ್ತು ಮಾವ. ನಾನು ಉಪ್ಪುನೀರಲ್ಲಿ ತೊಳೆದಿದ್ದೆ."

ಯೂರಿಯಸ್ ಡಬ್ಬದ ಕಡೆ ನೋಡಿದ. ಬೆಳಿಗ್ಗೆ ತಾನಾಡಿದ ಮಾತನ್ನು ಅವನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಿರಬೇಕು. ಎಷ್ಟು ಜನರ ಮುಂದೆ ಆ ಅಂಗಡಿಯವನನ್ನ ಬೈದೆನೋ, ನನ್ನ ಬಾಯಿಗೇ ಯಾರಾದರೂ ಮುಚ್ಚಳ ಹಾಕಬೇಕಿತ್ತು ಎಂದು ಕೊನೆಗೆ ಗೊಣಗಿ, ಎದ್ದು, ಬಕೆಟ್ ತೆಗೆದುಕೊಂಡು ನೀರಿನ ಕಡೆ ಹೋದ. ಸಮುದ್ರದ ನೀರು ತಂದು ದೋಣಿಯ ಸುತ್ತ ಮರಳಿಗೆ ಚಿಮುಕಿಸಿದ, ನೆಲದ ಧೂಳಾದರೂ ಏಳದಿರಲಿ ಎಂದು. ಗಾಳಿ ಬರುವ ಕಡೆಗೆ ಇಬ್ಬರೂ ಸೇರಿ ಹಳೆಯ ಹಾಯಿಯೊಂದನ್ನು ಗೋಡೆಯಂತೆ ಎಳೆದು ಕಟ್ಟಿದರು. ಇಬ್ಬನಿ ಇಳಿಯುವ ಹೊತ್ತಿಗೆ ಕೋಟು ಒಣಗಿರಬೇಕು, ತಡಮಾಡುವ ಹಾಗಿರಲಿಲ್ಲ. ಆಲ್ಬನ್ ಪಟ್ಟಿಯ ಎರಡೂ ಬದಿಗೆ ಟೇಪು ಒತ್ತಿದ. ಥಿನ್ನರ್ ಅದ್ದಿದ ಬಟ್ಟೆಯಿಂದ ಒಂದು ಮಾರು ಒರೆಸಿದ. ಬಟ್ಟೆಗೆ ಜೇನಿನ ಬಣ್ಣದ ಎಣ್ಣೆ ಹತ್ತಿತು. ತೇಗ ಎಷ್ಟು ವರ್ಷವಾದರೂ ಒಳಗಿನಿಂದ ಎಣ್ಣೆ ಬಿಡುತ್ತಲೇ ಇರುತ್ತದೆ, ಒರೆಸಿದ ಎಣ್ಣೆ ಮತ್ತೆ ಮೇಲೆ ಬರುವುದರೊಳಗೆ ಮೊದಲ ಕೋಟನ್ನು ಕುಡಿಸಬೇಕು. ಅರ್ಧಕ್ಕರ್ಧ ತೆಳ್ಳಗೆ ಮಾಡಿದ ವಾರ್ನಿಷನ್ನು ಕುಂಚದ ತುದಿಯಿಂದ ಹಲಗೆ ಕೂಡುವ ಜಾಗಕ್ಕೆ ಮುಟ್ಟಿಸಿದ. ಮರ ಅದನ್ನು ಕುಡಿಯಿತು. ಮತ್ತೆ ಮುಟ್ಟಿಸಿದ, ಮತ್ತೆ ಕುಡಿಯಿತು. ಸೀಳಿನ ತುದಿಗಳಿಗೇ ಬಾಯಾರಿಕೆ ಹೆಚ್ಚು. ಬೊಗಸೆಯಿಂದ ನೀರು ಇಳಿದಾಗ ಅಮ್ಮನ ಗಂಟಲೂ ಹೀಗೇ ಅಲುಗುತ್ತಿತ್ತು. ತಲೆಗೆ ಹಾಕೋ ಎಂದವಳು ತುಟಿಗೆ ಬಂದದ್ದನ್ನೆಲ್ಲ ಕುಡಿದಿದ್ದಳು. ಆ ಸ್ನಾನಕ್ಕೆ ಅವನು ಒಂದು ದಿನವೂ ಪಶ್ಚಾತ್ತಾಪ ಪಟ್ಟವನಲ್ಲ. ಇನ್ನೊಮ್ಮೆ ಅದೇ ಕವಲು ದಾರಿಯಲ್ಲಿ ನಿಲ್ಲಿಸಿದರೂ ಮೇಲಕ್ಕೇ ಹೋಗುತ್ತಾನೆ. ಆದರೆ ಹೋಗಿ ಬಂದವನು ಟಾಂಟಿಯ ಬಾಗಿಲಿಗೆ ಹೋಗಿ, ಇಂಥಲ್ಲಿಗೆ ಒಯ್ದೆ ಎನ್ನಬೇಕಿತ್ತು. ಎನ್ನದೆ ಉಳಿದದ್ದು, ಈ ಎಣ್ಣೆಯ ಹಾಗೆ, ಎಷ್ಟು ಒರೆಸಿದರೂ ಮೇಲೆ ಬರುತ್ತಿತ್ತು. ಕುಂಚವನ್ನು ಒಂದೇ ದಿಕ್ಕಿಗೆ ಎಳೆದ, ಹಿಂದಿನ ಒದ್ದೆ ಅಂಚು ಒಣಗುವ ಮೊದಲು ಮುಂದಿನದನ್ನು ಸೇರಿಸಿದ, ತಲೆ ಎತ್ತಲಿಲ್ಲ. ಹಾಯಿಯ ಆಚೆ ಗಾಳಿ ಪಟಪಟ ಬಡಿಯಿತು. ದೋಣಿಯ ಮೂತಿಯಿಂದ ಹಿಂಗಡೆಯವರೆಗೆ ಬಂದು ನಿಂತಾಗ ಪಟ್ಟಿ ಇನ್ನೂ ಹೊಳೆಯುತ್ತಿರಲಿಲ್ಲ, ಒದ್ದೆ ಮಣ್ಣಿನಂತೆ ಗಾಢವಾಗಿತ್ತು. ಮೊದಲ ಕೋಟು ಹೊಳೆಯಬಾರದು. ಅದು ಒಳಗೆ ಹೋಗಬೇಕು.

ಬಿಸಿಲು ಇಳಿಯುವ ಹೊತ್ತಿಗೆ ಪಟ್ಟಿಗೆ ಬೆರಳ ಹಿಂಬದಿ ತಾಗಿಸಿ ನೋಡಿ, ಅಂಟದ್ದನ್ನು ಖಚಿತ ಮಾಡಿಕೊಂಡು, ಮನೆಗೆ ಹೋಗಿ ಮಂಚದ ಕೆಳಗೆ ಕೈ ಹಾಕಿದ. ನೀಲಿ ಕ್ಯಾನನ್ನು ತೊಳೆದು, ತೊಟ್ಟಿಯಲ್ಲಿ ಉಳಿದದ್ದನ್ನು ಕಲಕದೆ ನಿಧಾನ ಎತ್ತಿ ತುಂಬಿಸಿದ. ಕ್ಯಾನು ತುಂಬಿದಾಗ ತೊಟ್ಟಿಯಲ್ಲಿ ಮಿಕ್ಕಿದ್ದು ಬರೀ ತೇವ. ಕುಡಿಯಲು ಹೂಜಿಯಲ್ಲಿತ್ತು, ಮುಂದಿನದು ಮಳೆ ಕೊಡುವವನಿಗೆ ಬಿಟ್ಟದ್ದು. ಹಿತ್ತಲ ದಾರಿಯೂ ಇತ್ತು, ಅಲ್ಲಿ ಯಾರೂ ಎದುರಾಗುವುದಿಲ್ಲ. ಅವನು ದೊಡ್ಡ ರಸ್ತೆಯನ್ನೇ ಹಿಡಿದ, ಹೆಸರಿದ್ದ ಬದಿ ಹೊರಗೆ ಕಾಣುವಂತೆ. ರಮ್ ಅಂಗಡಿಯ ಮುಂದಿನ ಬೆಂಚಿನಿಂದ ಯಾರೋ, ಅದು ಎಸ್ಮಿಯ ಕ್ಯಾನಲ್ಲವೇನೋ, ಮೀನಿನ ಹೊಟ್ಟೆಯಲ್ಲಿ ಸಿಕ್ಕಿತೇನೋ ಎಂದು ಕೂಗಿದರು. ನಗು ಎದ್ದಿತು. ನನ್ನ ಮನೆಯಲ್ಲೇ ಇತ್ತು ಎಂದು ಹೇಳಿ ಮುಂದೆ ನಡೆದ. ಹಿಂದೆ ನಗು ನಿಂತದ್ದು ಕೇಳಿಸಿತು. ಹೆಜ್ಜೆ ತಪ್ಪಲಿಲ್ಲ.

ಟಾಂಟಿ ಅಡುಗೆಮನೆಯ ಮೆಟ್ಟಿಲ ಮೇಲೆ ಮಡಿಲಲ್ಲಿ ತೊಗರಿಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಅವನನ್ನೂ ಅವನ ಹೆಗಲನ್ನೂ ನೋಡಿದಳು, ಏಳಲಿಲ್ಲ. ಆಲ್ಬನ್ ತೊಟ್ಟಿಯ ಹತ್ತಿರ ಹೋಗಿ ಮುಚ್ಚಳ ಸರಿಸಿ ಕ್ಯಾನು ಬಗ್ಗಿಸಿದ. ನೀರು ಕೆಳಗೆ, ತುಂಬ ಕೆಳಗೆ, ನೀರಿಗೆ ಬಿದ್ದ ಸದ್ದು ಬರುತ್ತಲೇ ಇತ್ತು. ಕೊನೆಯ ಹನಿಯವರೆಗೂ ಕ್ಯಾನನ್ನು ಬಗ್ಗಿಸಿ ಹಿಡಿದುಕೊಂಡಿದ್ದ.

"ಮುಚ್ಚಳ ಸರಿಯಾಗಿ ಹಾಕಪ್ಪ," ಎಂದಳು ಟಾಂಟಿ ಬೆನ್ನ ಹಿಂದಿನಿಂದ. "ಸೊಳ್ಳೆ ಮೊಟ್ಟೆ ಇಡ್ತಾವೆ."

ಮುಚ್ಚಿದ. ಅವಳು ಕಾಯಿ ಸುಲಿಯುತ್ತಲೇ ಇದ್ದಳು. ಕಾಳು ಬಟ್ಟಲಿಗೆ ಬೀಳುತ್ತಿತ್ತು.

"ನಿಮ್ಮಮ್ಮನ ತಲೆ ಬಾಚಿದ್ದು ನಾನೇ ಅಲ್ವಾ. ಆ ಬೇಸಿಗೇಲಿ ಊರೋರ ಕೂದಲೆಲ್ಲ ಉಪ್ಪು ಹಿಡಿದು ನಿಂತಿತ್ತು. ಅವಳದು ಬಾಚಣಿಗೆ ಎಲ್ಲೂ ತಡೆಯದ ಹಾಗೆ ಮೆತ್ತಗಿತ್ತು." ಇನ್ನೊಂದು ಕಾಯಿ ಸುಲಿದು ಕೇಳಿದಳು, "ಹಿತವಾಯ್ತಾ ಅವಳಿಗೆ ಆ ನೀರು?"

"ಹಿತವಾಯ್ತು ಟಾಂಟಿ. ಆವತ್ತು ರಾತ್ರಿ ಕೆರೆದುಕೊಳ್ಳಲಿಲ್ಲ. ನಿದ್ದೆ ಮಾಡಿದಳು."

"ಕೇಳಿದ್ರೆ ಕೊಡ್ತಿದ್ದೆ."

"ಗೊತ್ತು."

ಗುಡ್ಡದಿಂದ ಮೇಕೆಗಳು ಇಳಿಯುತ್ತಿದ್ದವು, ಧೂಳಿನೊಳಗೆ ಮುಳುಗುತ್ತಿದ್ದ ಸೂರ್ಯ ಕಣ್ಣು ನೆಟ್ಟು ನೋಡಬಹುದಾದಷ್ಟು ತಣ್ಣಗಿದ್ದ. ಆಲ್ಬನ್ ಖಾಲಿ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿಗೆ ಬಂದು ಚಾಚಿದ. ಟಾಂಟಿ ಮಡಿಲ ಸಿಪ್ಪೆ ಕೊಡವಿ ಎದ್ದು, ಅದನ್ನು ತೆಗೆದುಕೊಂಡು, ಲಂಗದ ತುದಿಯಿಂದ ಗಂಡ ಬರೆದ ಅಕ್ಷರಗಳ ಮೇಲಿನ ನೀರು ಒರೆಸಿ, ತೊಟ್ಟಿಯ ನಲ್ಲಿಯ ಪಕ್ಕಕ್ಕೆ ಹೋದಳು. ಅಲ್ಲಿ ಸಿಮೆಂಟಿನ ಮೇಲೆ ಕ್ಯಾನಿನ ತಳದ ಚೌಕ ಗುರುತು ಇನ್ನೂ ಇತ್ತು, ಬೇರೆ ಏನನ್ನೂ ಯಾರೂ ಅಲ್ಲಿ ಇಟ್ಟಿರಲಿಲ್ಲ. ಕ್ಯಾನನ್ನು ಅದರ ಮೇಲೆ ಇಟ್ಟಳು.